ಮಳೆಗಾಲದ ರಾತ್ರಿಗೆ ಯಾವ ಹೆಡ್‌ಲೈಟ್ ಬಲ್ಬ್? ಮಲೆನಾಡಿನಲ್ಲಿ ಓಡಿಸಿ ನೋಡಿದ್ದು

ಹೆಡ್‌ಲೈಟ್ ಬಲ್ಬ್ ಮಾರುವವರು ಸಾಮಾನ್ಯವಾಗಿ ಗೋಡೆಗೆ ಬೆಳಕು ಬಿಟ್ಟು ತೋರಿಸುತ್ತಾರೆ. ಬೆಳ್ಳಗೆ ಬಿದ್ದರೆ ಒಳ್ಳೇ ಬಲ್ಬ್, ಹಳದಿಯಾಗಿ ಬಿದ್ದರೆ ಓಬೀರಾಯನ ಕಾಲದ್ದು. ನನಗೆ ಈ ಪರೀಕ್ಷೆ ಸಾಲುವುದಿಲ್ಲ. ನಾನು ತೀರ್ಥಹಳ್ಳಿ ಸೀಮೆಯಲ್ಲಿ ಪಶುವೈದ್ಯೆ. ಕರು ಅಡ್ಡ ಸಿಕ್ಕಿಕೊಂಡಿದೆ, ಹಾಲುಜ್ವರ ಬಂದು ಹಸು ನೆಲ ಹಿಡಿದಿದೆ ಅಂತ ಫೋನ್ ಬರುವುದು ರಾತ್ರಿ ಹೊತ್ತೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಹೊರಟ ದಾರಿಯಲ್ಲಿ ಮಳೆ ಇದ್ದೇ ಇರುತ್ತದೆ. ಪಕ್ಕದಲ್ಲೇ ಆಗುಂಬೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ.

ಹಾಗಾಗಿ ನಾನು ಬಲ್ಬಿನಲ್ಲಿ ನೋಡುವುದು ಬೇರೆ. ಜೋರು ಮಳೆಯಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ, ಎಡಗಡೆ ಟಾರು ಎಲ್ಲಿ ಮುಗಿಯುತ್ತದೆ, ಚರಂಡಿ ಎಲ್ಲಿ ಶುರುವಾಗುತ್ತದೆ ಅಂತ ಕಾಣಬೇಕು. ರಸ್ತೆ ಮೇಲೆ ಮಲಗಿದ ದನ ಕಾಣಬೇಕು. ನಮ್ಮ ಮಲೆನಾಡು ಗಿಡ್ಡ ದನಗಳು ಹೆಚ್ಚಿನವು ಕಪ್ಪು ಇಲ್ಲವೇ ಕಂದು, ಎತ್ತರವೂ ಕಡಿಮೆ. ದನದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಹೊಳಪಿನ ಪದರ ಇರುತ್ತದೆ. ಅದರಿಂದ ನಮ್ಮ ಕಡೆ ಮುಖ ಮಾಡಿದ ದನ ದೂರದಿಂದಲೇ ಗೊತ್ತಾಗುತ್ತದೆ. ಬೆನ್ನು ಹಾಕಿ ಮಲಗಿದ ದನದಲ್ಲಿ ಹೊಳೆಯುವುದು ಏನೂ ಇಲ್ಲ. ಕಾರು ಗುದ್ದಿ ಸೊಂಟ ಮುರಿದ ದನಗಳನ್ನು ನೋಡಲು ಕರೆಯುವುದು ನನ್ನನ್ನೇ. ಹೆಚ್ಚಿನವು ಮತ್ತೆ ಏಳುವುದಿಲ್ಲ. ಬಲ್ಬಿನ ವಿಷಯದಲ್ಲಿ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಇದೇ ಕಾರಣ. ಜೊತೆಗೆ, ಎದುರಿನಿಂದ ಸ್ಕೂಟರಿನಲ್ಲಿ ಬರುವವರಿಗೆ ನನ್ನ ಬೆಳಕಿನಿಂದ ಕಣ್ಣು ಕತ್ತಲೆ ಬರಬಾರದು.

ನನ್ನದು ಹಳೆಯ ಸಣ್ಣ ಕಾರು. ಹೆಡ್‌ಲೈಟಿನಲ್ಲಿ ಗುಂಡು ಗಾಜಿನ ಪ್ರೊಜೆಕ್ಟರ್ ಇಲ್ಲ, ಹೊಳೆಯುವ ರಿಫ್ಲೆಕ್ಟರ್ ಇದೆ. ಒಳಗೆ ಎಚ್4 ಎಂಬ ಹ್ಯಾಲೊಜೆನ್ ಬಲ್ಬ್. ನಮ್ಮ ಕಡೆ ಓಡುವ ಹಳೆಯ ಕಾರು, ಜೀಪು, ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಇದೇ ಬಲ್ಬು. ಹಿಂದೆ ಮೂರು ಪಿನ್ನು. 60/55 ವ್ಯಾಟ್, ಅಂದರೆ ಹೈ ಬೀಮ್‌ಗೆ 60, ಡಿಮ್‌ಗೆ 55. 1971ರಲ್ಲಿ ಬಂದ ವಿನ್ಯಾಸ ಇದು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ತಂತಿ. ಡಿಮ್ ಫಿಲಮೆಂಟಿನ ಅಡಿಯಲ್ಲಿ ಪುಟ್ಟ ಲೋಹದ ತಟ್ಟೆಯೊಂದು ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ರಸ್ತೆಗೆ ಇಳಿಯುತ್ತದೆ. ಕೆಳಭಾಗಕ್ಕೂ ಬಿದ್ದಿದ್ದರೆ ಅದು ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಈ ತಟ್ಟೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್‌ಇಡಿ, ಎಚ್‌ಐಡಿ ಬಗ್ಗೆ ಹೇಳುವಾಗ ಎಲ್ಲ ಜಗಳವೂ ಇದರ ಸುತ್ತಲೇ ಇದೆ.

ನಿಮ್ಮ ಕಾರಿನಲ್ಲಿ ಎಚ್7 ಅಥವಾ ಎಚ್11 ಇರಬಹುದು. ಅವುಗಳಲ್ಲಿ ಒಂದೇ ಫಿಲಮೆಂಟ್, 55 ವ್ಯಾಟ್. ಡಿಮ್‌ಗೆ ಒಂದು, ಹೈ ಬೀಮ್‌ಗೆ ಇನ್ನೊಂದು ಅಂತ ಬೇರೆ ಬೇರೆ ಇರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಲ್ಬ್ ಕೊಳ್ಳುವ ಮೊದಲು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಹೊಸ ಬಲ್ಬ್ ತರಿಸುವ ಮೊದಲು ನಮ್ಮ ಪೇಟೆಯ ಎಲೆಕ್ಟ್ರಿಷಿಯನ್ ಹತ್ತಿರ ಕಾರು ಒಯ್ದೆ. ವಯಸ್ಸಾದವರು, ಬಸ್ಸು ಲಾರಿಗಳ ವೈರಿಂಗ್ ಮಾಡಿ ಕೈ ಪಳಗಿದವರು. "ಬಲ್ಬಿಗೆ ಎಂತಕ್ಕೆ ದುಡ್ಡು ಹಾಕ್ತೀರಿ ಮೇಡಂ, ಮೊದ್ಲು ಕರೆಂಟ್ ಸರಿ ಬರ್ತದಾ ನೋಡಣ" ಅಂದರು. ಇಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ಮೀಟರ್ ಹಿಡಿದರು. 14.1 ವೋಲ್ಟ್. ಡಿಮ್ ಹಾಕಿಸಿ ಬಲ್ಬಿನ ಹೋಲ್ಡರ್ ಹಿಂದೆ ಹಿಡಿದರು. 12.3. ಮಧ್ಯದಲ್ಲಿ ಸುಮಾರು ಎರಡು ವೋಲ್ಟ್ ಎಲ್ಲಿ ಹೋಯಿತು? ತೆಳು ವೈರು, ಸವೆದ ಸ್ವಿಚ್ಚು, ಕಿಲುಬು ಹಿಡಿದ ಅರ್ಥಿಂಗು, ಇವೆಲ್ಲ ತಿಂದವು.

ಎರಡು ವೋಲ್ಟ್ ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಈ ಬಲ್ಬುಗಳ ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಆ ವೋಲ್ಟೇಜಿಗೆ ಎಚ್4 ಬಲ್ಬು ಡಿಮ್‌ನಲ್ಲಿ ಸುಮಾರು 1,000 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ), ಹೈ ಬೀಮ್‌ನಲ್ಲಿ ಸುಮಾರು 1,650 ಲ್ಯೂಮೆನ್ ಕೊಡಬೇಕು. 12 ವೋಲ್ಟ್ ಸಿಕ್ಕರೆ ಅದರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ. ಬಣ್ಣವೂ ಕೆಂಪಿಗೆ ತಿರುಗುತ್ತದೆ. "ಕಂಪನಿ ಬಲ್ಬು ಮಂಕು" ಅಂತ ಬೈಯುವವರಲ್ಲಿ ಎಷ್ಟೋ ಜನರ ಕಾರಿನಲ್ಲಿ ಬಲ್ಬಿನ ತಪ್ಪೇ ಇರುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಅವರು ರಿಲೇ ವೈರಿಂಗ್ ಹಾಕಿದರು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಅದಕ್ಕೆ ಫ್ಯೂಸು, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್ಚು), ಹೊಸ ಹೋಲ್ಡರು. ಹಳೆಯ ಸ್ವಿಚ್ಚು ಈಗ ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ. ಬಲ್ಬಿನ ಪೂರ್ತಿ ಕರೆಂಟು ಅದರ ಮೂಲಕ ಹರಿಯುವುದಿಲ್ಲ. ಆಮೇಲೆ ಹೋಲ್ಡರಿನಲ್ಲಿ ಸಿಕ್ಕಿದ್ದು 13.7 ವೋಲ್ಟ್. ಲೆಕ್ಕ ಹಾಕಿದರೆ ಅದೇ ಹಳೆಯ ಬಲ್ಬಿನಿಂದ 40 ಶೇಕಡಕ್ಕಿಂತ ಜಾಸ್ತಿ ಬೆಳಕು. ಸಾಮಾನು, ಕೂಲಿ ಸೇರಿ 1,500 ರೂಪಾಯಿಯೊಳಗೆ ಮುಗಿಯಿತು. ಬಲ್ಬಿನ ಆಯುಷ್ಯ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ, ಅದು ನಿಜ. ಆದರೆ ನಾನು ಈ ಹೆಡ್‌ಲೈಟಿಗೆ ಮಾಡಿದ ಖರ್ಚಿನಲ್ಲೆಲ್ಲ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಒಂದು ಎಚ್ಚರಿಕೆ: ಹೊಸ ಕಾರುಗಳಲ್ಲಿ ಲೈಟನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ, ವಾರಂಟಿಯೂ ಇರುತ್ತದೆ. ಅಲ್ಲಿ ವೈರು ಕತ್ತರಿಸುವ ಕೆಲಸ ಬೇಡ. ಹಳೆಯ ಗಾಡಿಯಲ್ಲಿ ಮೀಟರ್ ಹಿಡಿದು ನೋಡಿ, ಕಡಿಮೆ ಇದ್ದರೆ ಮಾತ್ರ ಮಾಡಿಸಿ.

ಇಷ್ಟಾದ ಮೇಲೆ ಬಲ್ಬುಗಳನ್ನು ಹೋಲಿಸುವುದಕ್ಕೆ ಅರ್ಥ ಬಂತು.

ಸಾಮಾನ್ಯ 60/55 ಹ್ಯಾಲೊಜೆನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದಕ್ಕೆ 150ರಿಂದ 300 ರೂಪಾಯಿ. ಯಾವ ಪೇಟೆಯಲ್ಲೂ ಸಿಗುತ್ತದೆ. ಬಣ್ಣ ಸುಮಾರು 3,200 ಕೆಲ್ವಿನ್, ಅಂದರೆ ತುಸು ಹಳದಿ; ಈ ಅಂಕಿ ಏರಿದಷ್ಟೂ ಬೆಳಕು ಬಿಳಿಯಾಗುತ್ತದೆ. ಮಳೆಯಲ್ಲಿ ಕಣ್ಣಿಗೆ ಹಿತ. ಕಂದು ಬಣ್ಣದ ದನ ಕಂದಾಗಿಯೇ ಕಾಣುತ್ತದೆ. ರಿಲೇ ಹಾಕಿದ ಮೇಲೆ ತೀರ್ಥಹಳ್ಳಿ–ಆಗುಂಬೆ ರಸ್ತೆಗೆ ಇದೇ ಸಾಕು ಅನ್ನಿಸಿತ್ತು.

ಆದರೂ ಇನ್ನೂ ಸ್ವಲ್ಪ ದೂರ ಕಾಣಲಿ ಅಂತ ದುಬಾರಿ ಹ್ಯಾಲೊಜೆನ್ ತರಿಸಿದೆ. ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಮತ್ತು ಓಸ್ರಾಮ್ ನೈಟ್ ಬ್ರೇಕರ್ ಲೇಸರ್, ಎರಡನ್ನೂ ಬೇರೆ ಬೇರೆ ಮಳೆಗಾಲದಲ್ಲಿ ಓಡಿಸಿದ್ದೇನೆ. ಇವೂ 60/55 ವ್ಯಾಟೇ. ಹೋಲ್ಡರ್, ವೈರು ಏನೂ ಬದಲಾಯಿಸಬೇಕಿಲ್ಲ. ಪೆಟ್ಟಿಗೆ ಮೇಲೆ 130 ಶೇಕಡ ಜಾಸ್ತಿ, 150 ಶೇಕಡ ಜಾಸ್ತಿ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಸರಿಯಾಗಿ ಓದಬೇಕು. ಕಾನೂನು ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿ, ರಸ್ತೆಯ ಒಂದು ನಿರ್ದಿಷ್ಟ ಜಾಗದಲ್ಲಿ ಅಷ್ಟು ಜಾಸ್ತಿ ಅಂತ ಅದರ ಅರ್ಥ. ಬಲ್ಬಿನ ಒಟ್ಟು ಬೆಳಕು ಎರಡೂವರೆ ಪಟ್ಟು ಆಗುವುದಿಲ್ಲ. ಆಗಲು ನಿಯಮವೇ ಬಿಡುವುದಿಲ್ಲ, ಒಟ್ಟು ಲ್ಯೂಮೆನ್‌ಗೆ ಮೇಲೆ ಕೆಳಗೆ 15 ಶೇಕಡದ ಮಿತಿ ಇದೆ. ಫಿಲಮೆಂಟನ್ನು ಇನ್ನೂ ಚಿಕ್ಕದಾಗಿ, ಕರಾರುವಾಕ್ಕಾಗಿ ಇಟ್ಟು, ಒಳಗಿನ ಅನಿಲವನ್ನು ಬದಲಿಸಿ, ಇದ್ದ ಬೆಳಕನ್ನೇ ಒಟ್ಟುಗೂಡಿಸಿ ದೂರಕ್ಕೆ ಕಳಿಸುತ್ತಾರೆ.

ಆ ಕೆಲಸವನ್ನು ಎರಡೂ ಚೆನ್ನಾಗಿ ಮಾಡುತ್ತವೆ. ಡಿಮ್‌ನಲ್ಲಿ ಎಡ ಅಂಚು ಮೊದಲಿಗಿಂತ ದೂರ ಕಾಣುತ್ತದೆ. ಧರೆ ಜರಿದು ಮಣ್ಣು ಬಿದ್ದಿದ್ದರೆ ಬ್ರೇಕ್ ಹಾಕಲು ಸಮಯ ಸಿಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗುತ್ತದೆ. ಹತ್ತು ಮೀಟರ್ ಮೊದಲೇ ಕಂಡರೂ ಅದು ದೊಡ್ಡ ಲಾಭ. ನನ್ನ ಕಣ್ಣಿಗೆ ನೈಟ್ ಬ್ರೇಕರ್ ತುಸು ಬಿಳಿ, ಎಕ್ಸ್‌ಟ್ರೀಮ್ ವಿಷನ್ ಸಮನಾಗಿ ಹರಡುತ್ತದೆ. ಜೋರು ಮಳೆಗೆ ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ಜೋಡಿಗೆ 1,500ರಿಂದ 2,500 ರೂಪಾಯಿ ಬೀಳುತ್ತದೆ. ಫಿಲಮೆಂಟ್ ಜಾಸ್ತಿ ಬಿಸಿಯಾಗುವುದರಿಂದ ಇಂಥ ಬಲ್ಬುಗಳ ಆಯುಷ್ಯ ಸಾಮಾನ್ಯ ಬಲ್ಬಿಗಿಂತ ಕಡಿಮೆ. ರಾತ್ರಿ ಅಪರೂಪಕ್ಕೆ ಓಡಿಸುವವರಿಗೆ ಇದು ತೊಂದರೆಯಲ್ಲ. ದಿನಾ ರಾತ್ರಿ ಬಾಡಿಗೆ ಓಡಿಸುವವರಿಗೆ ಖರ್ಚು ಜಾಸ್ತಿಯಾದೀತು.

ನೀಲಿ ಬಣ್ಣ ಬಳಿದ ಹ್ಯಾಲೊಜೆನ್ ಬಲ್ಬ್ ಬೇಡ. ಗಾಜಿಗೆ ನೀಲಿ ಬಳಿದರೆ ಹಳದಿ ಬೆಳಕು ಒಳಗೇ ಉಳಿಯುತ್ತದೆ, ಹೊರಗೆ ಬರುವುದು ಕಡಿಮೆಯಾಗುತ್ತದೆ. ನೋಡಲು ಬಿಳಿ, ಕೆಲಸಕ್ಕೆ ಮಂಕು.

100/90 ವ್ಯಾಟಿನ ಬಲ್ಬ್ ನಮ್ಮ ಕಡೆ ಜೀಪಿನವರಿಗೆ ಬಹಳ ಪ್ರೀತಿ. ಬೆಳಕು ನಿಜವಾಗಿಯೂ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ನೋಡಿ. 60 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಸಾಕು. 100 ವ್ಯಾಟಿನ ಎರಡಕ್ಕೆ 16ಕ್ಕಿಂತ ಜಾಸ್ತಿ ಬೇಕು. ಕಂಪನಿಯ ವೈರು ಅಷ್ಟಕ್ಕೆ ಮಾಡಿದ್ದಲ್ಲ. ಎಲೆಕ್ಟ್ರಿಷಿಯನ್ ಅಂಗಡಿಯ ಮೂಲೆಯಲ್ಲಿ ಒಂದು ಡಬ್ಬದ ತುಂಬ ಕರಗಿದ ಹೋಲ್ಡರುಗಳಿವೆ. ರಿಫ್ಲೆಕ್ಟರಿನ ಹೊಳಪು ಸುಟ್ಟು ಕಂದಾಗಿರುವುದನ್ನೂ ಅವರು ತೋರಿಸಿದರು. ರಿಫ್ಲೆಕ್ಟರ್ ಸುಟ್ಟರೆ ಆಮೇಲೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ, ಇಡೀ ಹೆಡ್‌ಲೈಟೇ ಬದಲಾಯಿಸಬೇಕು. ರಸ್ತೆಯಲ್ಲಿ ಓಡಿಸಲು ಇದಕ್ಕೆ ಅನುಮತಿಯೂ ಇಲ್ಲ. ರ‍್ಯಾಲಿ, ಕಾಡುದಾರಿ ಓಟಕ್ಕೆ ಅಂತಲೇ ಇದನ್ನು ಮಾಡುವುದು.

ಎಚ್‌ಐಡಿ ಅಂದರೆ ಜನ ಝೀನಾನ್ ಅನ್ನುವುದು. ಇದರಲ್ಲಿ ಫಿಲಮೆಂಟ್ ಇಲ್ಲ. ಎರಡು ತುದಿಗಳ ನಡುವೆ ಕಿಡಿ ಹೊತ್ತಿಸಿ, ಅದೇ ಉರಿಯುತ್ತಿರುತ್ತದೆ. ಹೊತ್ತಿಸಲು 20,000 ವೋಲ್ಟಿನಷ್ಟು ಬೇಕು, ಅದಕ್ಕೇ ಬ್ಯಾಲಸ್ಟ್ ಎಂಬ ಪೆಟ್ಟಿಗೆ. 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕಾರಿನಲ್ಲಿ ಮೊದಲು ಬಂತು. 35 ವ್ಯಾಟಿನಲ್ಲಿ ಸುಮಾರು 3,200 ಲ್ಯೂಮೆನ್ ಕೊಡುತ್ತದೆ, ಅದು ದೊಡ್ಡ ಮಾತು. ಅದಕ್ಕೆಂದೇ ಮಾಡಿದ ಪ್ರೊಜೆಕ್ಟರಿನಲ್ಲಿ, 4,300 ಕೆಲ್ವಿನ್ ಬಣ್ಣದಲ್ಲಿ, ಇದರಷ್ಟು ಚೆಂದದ ಬೆಳಕು ನಾನು ಬೇರೆ ನೋಡಿಲ್ಲ. ನನ್ನ ಸಹೋದ್ಯೋಗಿಯ ಹಳೆಯ ದೊಡ್ಡ ಕಾರಿನಲ್ಲಿ ಕಂಪನಿಯದ್ದೇ ಝೀನಾನ್ ಇದೆ. ಅದರ ಡಿಮ್ ಬೆಳಕಿನ ಮೇಲಂಚು ಗೆರೆ ಎಳೆದಷ್ಟು ನೇರ.

ಅದೇ ಎಚ್‌ಐಡಿಯನ್ನು ಎಚ್4 ರಿಫ್ಲೆಕ್ಟರಿಗೆ ಕಿಟ್ ತಂದು ತುರುಕಿದರೆ ಎಲ್ಲವೂ ಕೆಡುತ್ತದೆ. ಕಿಡಿಯ ಆಕಾರ ಬೇರೆ, ಇರುವ ಜಾಗ ಬೇರೆ. ಬೆಳಕು ಎಲ್ಲ ಕಡೆ ಚೆಲ್ಲುತ್ತದೆ. ಪೂರ್ತಿ ಬೆಳಗಲು ಕೆಲವು ಸೆಕೆಂಡು ಬೇಕು, ಹಾಗಾಗಿ ತಿರುವಿನಲ್ಲಿ ಡಿಪ್ಪರ್ ಹೊಡೆಯಲು ನೆಚ್ಚಿಕೊಳ್ಳಲಾಗದು. ಬ್ಯಾಲಸ್ಟಿಗೆ ನೀರು ಹೋದರೆ ಒಂದು ಕಣ್ಣು ಕತ್ತಲು. ನಮ್ಮ ಮಳೆಯಲ್ಲಿ ಅದು ಹೋಗದೆ ಇರುವುದೇ ಕಷ್ಟ.

ಈಗ ಎಲ್ಲರೂ ಕೇಳುವ ಎಲ್‌ಇಡಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನನ್ನ ತಮ್ಮ ಅಡಿಕೆ ತೋಟದ ಕೆಲಸಕ್ಕೆ ಒಂದು ಪಿಕಪ್ ಇಟ್ಟಿದ್ದಾನೆ. ಅದೂ ಎಚ್4, ರಿಫ್ಲೆಕ್ಟರ್. ಆನ್‌ಲೈನಿನಲ್ಲಿ ಎಲ್‌ಇಡಿ ಬಲ್ಬ್ ತರಿಸಿ ಹಾಕಿಸಿದ. "ಅಕ್ಕಾ, ಹಗಲಿನ ಹಾಗಿದೆ, ಒಂದ್ಸಲ ಓಡಿಸಿ ನೋಡು" ಅಂದ. ಮಳೆ ಇಲ್ಲದ ರಾತ್ರಿ ಓಡಿಸಿದೆ. ಗಾಡಿಯ ಮುಂದಿನ ಹತ್ತಿಪ್ಪತ್ತು ಮೀಟರ್ ನಿಜವಾಗಿಯೂ ಹಗಲೇ. ಒಂದೊಂದು ಜಲ್ಲಿ ಕಲ್ಲೂ ಕಾಣುತ್ತಿತ್ತು. ಆದರೆ ಅದರಾಚೆ ಕತ್ತಲು ಮೊದಲಿಗಿಂತ ದಟ್ಟವಾಗಿತ್ತು. ಹತ್ತಿರದಲ್ಲಿ ಬೆಳಕು ಅತಿಯಾದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಮಸುಕು ಬೆಳಕು ಆಗ ಕಣ್ಣಿಗೆ ಸಾಲುವುದಿಲ್ಲ. ಮುಂದೆ ಬೆಳಗುತ್ತಿರುವುದನ್ನು ನೋಡಿ ಮನಸ್ಸಿಗೆ ಧೈರ್ಯ ಬರುತ್ತದೆ, ಕಾಲು ಆಕ್ಸಿಲರೇಟರ್ ಒತ್ತುತ್ತದೆ. ಇದೇ ಅಪಾಯ.

ಇನ್ನೊಂದು ನೋಡಿದೆ. ಡಿಮ್ ಹಾಕಿದ್ದರೂ ರಸ್ತೆ ಪಕ್ಕದ ಅಡಿಕೆ ಮರಗಳ ತುದಿಯ ಗೊನೆಗಳು ಬೆಳಗುತ್ತಿದ್ದವು. ಡಿಮ್ ಬೆಳಕು ಅಲ್ಲಿಗೆ ಹೋಗಲೇಬಾರದು. ಮರದ ತುದಿಗೆ ಹೋಗುವ ಬೆಳಕು ಎದುರಿನವರ ಕಣ್ಣಿಗೂ ಹೋಗುತ್ತದೆ. ಆಮೇಲೆ ಅವನು ಪಿಕಪ್ ಓಡಿಸಿಕೊಂಡು ಬಂದ, ನಾನು ಎದುರಿನಿಂದ ನನ್ನ ಕಾರಿನಲ್ಲಿ ಬಂದೆ. ಅವನ ಗಾಡಿ ದಾಟಿದ ಮೇಲೂ ಸ್ವಲ್ಪ ಹೊತ್ತು ರಸ್ತೆ ಕಾಣಲಿಲ್ಲ. ಆ ಹೊತ್ತಿನಲ್ಲಿ ಸೈಕಲ್ ತಳ್ಳಿಕೊಂಡು ಯಾರಾದರೂ ಹೋಗುತ್ತಿದ್ದರೆ?

ಕಾರಣ ಆ ತಟ್ಟೆಯ ಕಥೆಯೇ. ಎಚ್4 ಫಿಲಮೆಂಟ್ ಸುಮಾರು ಐದೂವರೆ ಮಿಲಿಮೀಟರ್ ಉದ್ದದ ತೆಳು ಸುರುಳಿ. ಅದು ಸುತ್ತಲೂ ಬೆಳಕು ಕೊಡುತ್ತದೆ. ರಿಫ್ಲೆಕ್ಟರಿನ ಒಂದೊಂದು ಬಾಗೂ ಆ ಜಾಗಕ್ಕೆ, ಆ ಗಾತ್ರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಒಂದು ಲೋಹದ ಪಟ್ಟಿಯ ಎರಡು ಮುಖಕ್ಕೆ ಚಿಪ್ ಅಂಟಿಸಿರುತ್ತಾರೆ. ಪಟ್ಟಿ ದಪ್ಪ ಇದ್ದಷ್ಟೂ ಚಿಪ್‌ಗಳು ನಡುವಿನಿಂದ ದೂರ ಸರಿಯುತ್ತವೆ. ಬೆಳಕು ಎಡಕ್ಕೂ ಬಲಕ್ಕೂ ಮಾತ್ರ ಹೋಗುತ್ತದೆ. ರಿಫ್ಲೆಕ್ಟರ್ ಅದನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಲಾರದು. ಪೆಟ್ಟಿಗೆ ಮೇಲೆ 20,000 ಲ್ಯೂಮೆನ್ ಅಂತ ಬರೆದಿದ್ದರೆ ಆ ಬಲ್ಬನ್ನು ಅಲ್ಲೇ ಬಿಟ್ಟು ಬನ್ನಿ. ಅಷ್ಟು ಬೆಳಕು ಕೊಡುವ ಚಿಪ್ಪಿನ ಬಿಸಿಯನ್ನು ಹೊರಗೆ ಹಾಕಲು ಅಂಗುಷ್ಠದ ಗಾತ್ರದ ಫ್ಯಾನಿಗೆ ಆಗುವುದಿಲ್ಲ.

ಮಳೆಯಲ್ಲಿ ಅದೇ ಪಿಕಪ್ ಓಡಿಸಿದಾಗ ನನ್ನ ತೀರ್ಮಾನ ಗಟ್ಟಿಯಾಯಿತು. 6,500 ಕೆಲ್ವಿನ್‌ನ ಬಿಳಿ ಬೆಳಕಿಗೆ ಮಳೆ ಹನಿಗಳೇ ಹೊಳೆದು ಕಣ್ಣಿಗೆ ಅಡ್ಡ ಬಂದವು. ಒದ್ದೆ ಟಾರು ಕಪ್ಪಾಗಿಯೇ ಉಳಿಯಿತು. ಎಡ ಅಂಚಿನ ಕೆಮ್ಮಣ್ಣು ಹ್ಯಾಲೊಜೆನ್ ಬೆಳಕಿಗೆ ಎದ್ದು ಕಾಣುತ್ತದೆ, ಇಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಟಾರಿನಲ್ಲೇ ಬೆರೆತುಹೋಯಿತು. ನಮ್ಮ ರಸ್ತೆಗಳಿಗೆ ಅಂಚಿನ ಬಿಳಿ ಗೆರೆ ಎಲ್ಲ ಕಡೆ ಇಲ್ಲ. ಆ ಕೆಮ್ಮಣ್ಣೇ ನಮಗೆ ಗೆರೆ.

ಸಣ್ಣ ತೊಂದರೆಗಳೂ ಇದ್ದವು. ಬಲ್ಬಿನ ಹಿಂದಿನ ಫ್ಯಾನಿಗೆ ಜಾಗ ಸಾಲದೆ ರಬ್ಬರ್ ಮುಚ್ಚಳ ಕತ್ತರಿಸಿದ್ದರು. ಮಳೆಗಾಲದ ನಡುವೆ ಹೆಡ್‌ಲೈಟಿನ ಒಳಗೆ ಹಬೆ ಕಟ್ಟಿತು. ಲೈಟ್ ಹಾಕಿದರೆ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಬದಲು ಬುರ್ರ್ ಅನ್ನುವ ಸದ್ದು. ತಮ್ಮ ಈಗ ಹಳೆಯ ಬಲ್ಬಿಗೇ ವಾಪಸ್ ಬಂದಿದ್ದಾನೆ, ರಿಲೇ ಹಾಕಿಸಿಕೊಂಡು.

ಹಾಗಂತ ಎಲ್‌ಇಡಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದ ಕಾರು ಕೊಳ್ಳುವವರು ಹಿಂಜರಿಯಬೇಡಿ. ಅಲ್ಲಿ ಚಿಪ್ಪಿಗೆ ತಕ್ಕ ಹಾಗೆ ರಿಫ್ಲೆಕ್ಟರ್ ಅಥವಾ ಪ್ರೊಜೆಕ್ಟರ್ ಮಾಡಿರುತ್ತಾರೆ. ಕರೆಂಟ್ ಕಡಿಮೆ ತಿನ್ನುತ್ತದೆ, ಬಹಳ ವರ್ಷ ಬಾಳುತ್ತದೆ. ಹಳೆಯ ಹೆಡ್‌ಲೈಟಿಗೆ ಹಾಕುವ ಎಲ್‌ಇಡಿಯಲ್ಲೂ ಒಳ್ಳೆಯ ಪ್ರಯತ್ನ ನಡೆದಿದೆ. ಓಸ್ರಾಮ್‌ನ ಇಂಥ ಬಲ್ಬಿಗೆ ಜರ್ಮನಿಯಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಆದರೆ ಪಟ್ಟಿಯಲ್ಲಿರುವ ಕಾರು ಮಾದರಿಗಳಿಗೆ ಮಾತ್ರ. ಒಂದೊಂದು ಹೆಡ್‌ಲೈಟಿನಲ್ಲೂ ಬೆಳಕು ಹೇಗೆ ಬೀಳುತ್ತದೆ ಅಂತ ಪರೀಕ್ಷೆ ಮಾಡಿದ ಮೇಲೆ ಪಟ್ಟಿಗೆ ಸೇರಿಸುತ್ತಾರೆ. ನಾವೂ ಇದೇ ರೀತಿ ಮಾಡಿದರೆ ಎಷ್ಟು ಚೆನ್ನ ಅಲ್ವಾ?

ನಮ್ಮಲ್ಲಿ ಕಾನೂನು ಏನು ಅಂತ ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಲೈಟು ಹಾಕಿದ ಗಾಡಿಗಳ ಮೇಲೆ ರಾಜ್ಯಾದ್ಯಂತ ಕೇಸು ಹಾಕಲು ಶುರು ಮಾಡಿದರು. ನಾನು ಅದನ್ನು ಮನಸಾರೆ ಮೆಚ್ಚಿದ್ದೇನೆ.

ಹಳದಿ ಬಲ್ಬಿನ ಬಗ್ಗೆ ಘಾಟಿ ಇಳಿಯುವವರು ಬಹಳ ಕೇಳುತ್ತಾರೆ. ಫ್ರಾನ್ಸಿನಲ್ಲಿ 1993ರವರೆಗೂ ಹೊಸ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಮಂಜನ್ನು ಹಳದಿ ಬೆಳಕು ಸೀಳಿಕೊಂಡು ಹೋಗುತ್ತದೆ ಅನ್ನುವ ಮಾತು ಅಷ್ಟು ಸರಿಯಲ್ಲ. ಮಂಜಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತವೆ. ಆದರೆ ನೀಲಿ ಇಲ್ಲದ ಬೆಳಕು ಕಣ್ಣನ್ನು ಕಡಿಮೆ ದಣಿಸುತ್ತದೆ, ಅದು ನನ್ನ ಅನುಭವ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಂಜು ಕವಿದಾಗ ನೆರವಾಗುವುದು ಬಂಪರಿನ ಕೆಳಗಿರುವ ಫಾಗ್ ಲ್ಯಾಂಪ್. ಬಣ್ಣಕ್ಕಿಂತ ಅದು ಕೆಳಗಿರುವುದು ಮುಖ್ಯ. ಮಂಜಿನ ಅಡಿಯಿಂದ ಹೋಗಿ ರಸ್ತೆಯ ಅಂಚಿಗೆ ಬೀಳುತ್ತದೆ. ನಾನು ಫಾಗ್ ಲ್ಯಾಂಪಿಗೆ ಮಾತ್ರ ಹಳದಿ ಹಾಕಿಸಿದ್ದೇನೆ, ಹೆಡ್‌ಲೈಟಿಗೆ ಅಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ, ಬೆಳಕೆಲ್ಲ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಬಲ್ಬ್ ಯಾವುದಾದರೂ ಇರಲಿ, ಗ್ಲಾಸ್ ಮಂಕಾಗಿದ್ದರೆ ದುಡ್ಡು ದಂಡ. ಈಗಿನ ಹೆಡ್‌ಲೈಟ್ ಗ್ಲಾಸ್ ನಿಜವಾಗಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಅದರ ಮೇಲಿನ ಪದರ ಹಳದಿಯಾಗಿ ಒರಟಾಗುತ್ತದೆ. ಟೂತ್‌ಪೇಸ್ಟ್ ತಿಕ್ಕಿದರೆ ನಾಲ್ಕು ದಿನ ಚೆಂದ, ಮತ್ತೆ ಅದೇ ಪಾಡು. 1,000 ನಂಬರಿನ ನೀರು ಕಾಗದ, ಆಮೇಲೆ 2,000, ಆಮೇಲೆ ಪಾಲಿಶ್, ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್. ಕೋಟ್ ಬಿಟ್ಟರೆ ಮೊದಲು ಮಾಡಿದ್ದೆಲ್ಲ ವ್ಯರ್ಥ.

ಬೆಳಕಿನ ಎತ್ತರವನ್ನೂ ನೋಡಿಕೊಳ್ಳಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಬಲ್ಬಿನ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಡಿಮ್ ಬೆಳಕಿನ ಮೇಲಂಚು ಆ ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಕ್ಕೆ ತುಸು ಏರಬೇಕು. ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ತಿರುಗಿಸುವ ಚಕ್ರ ಇದ್ದರೆ ಅದನ್ನು ಬಳಸಿ. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಹಿಂಡಿ ಮೂಟೆ ಇದ್ದಾಗ ಕಾರಿನ ಮೂತಿ ಮೇಲೆದ್ದು ಬೆಳಕೂ ಮೇಲೇರುತ್ತದೆ. ಆಗ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ ಬೆಳಕನ್ನು ಇಳಿಸಬೇಕು. ಬಹಳ ಜನರಿಗೆ ಆ ಚಕ್ರ ಯಾಕಿದೆ ಅಂತಲೇ ಗೊತ್ತಿಲ್ಲ.

ಕೊಳ್ಳುವಾಗ ಡೂಪ್ಲಿಕೇಟ್ ಕಾಟ ಇದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಪೆಟ್ಟಿಗೆಯೊಳಗೆ ಅಕ್ಷರ ಅಳಿಸಿದಂತಿದ್ದ ಬಲ್ಬ್ ಕೊಟ್ಟರು. ಕೌಂಟರಿನಲ್ಲೇ ತೆಗೆದು ನೋಡಿ ವಾಪಸ್ ಕೊಟ್ಟೆ. ಅಸಲಿ ಬಲ್ಬಿನ ಲೋಹದ ಬುಡದಲ್ಲಿ ಎಚ್4, 12 ವೋಲ್ಟ್, 60/55 ವ್ಯಾಟ್ ಅಂತ ಸ್ಪಷ್ಟವಾಗಿ ಕೊರೆದಿರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಅಂಕಿ ಇರುತ್ತದೆ. ಅದು ಅನುಮೋದನೆ ಕೊಟ್ಟ ದೇಶದ ಗುರುತು, 1 ಅಂದರೆ ಜರ್ಮನಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ತರುವುದು ನನಗೆ ಅನುಕೂಲ. ನಾಲ್ಕು ಅಂಗಡಿಯಲ್ಲಿ ಕೇಳಬಹುದು, ಬಲ್ಬನ್ನು ಕೈಯಲ್ಲಿ ಹಿಡಿದು ನೋಡಬಹುದು, ಬಿಲ್ಲೂ ಕೊಡುತ್ತಾರೆ.

ಈಗ ನನ್ನ ಕಾರಿನಲ್ಲಿರುವುದು ರಿಲೇ ವೈರಿಂಗ್, ಎಕ್ಸ್‌ಟ್ರೀಮ್ ವಿಷನ್ ಜೋಡಿ, ಕೆಳಗೆ ಹಳದಿ ಫಾಗ್ ಲ್ಯಾಂಪ್. ಕ್ಯಾಲ್ಸಿಯಂ ಬಾಟಲಿಗಳ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಜೊತೆ ಸಾಮಾನ್ಯ ಬಲ್ಬೂ ಇಟ್ಟಿರುತ್ತೇನೆ, ಹತ್ತಿ ಬಟ್ಟೆಯ ಸಮೇತ. ಗಾಜಿಗೆ ಬರಿಗೈ ತಾಗಬಾರದು. ಬೆರಳಿನ ಎಣ್ಣೆ ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಬದಲಾಯಿಸುವ ವಿಧಾನ ಸುಲಭ: ಬಾನೆಟ್ ಎತ್ತಿ, ಕಪ್ಲರ್ ಎಳೆದು, ರಬ್ಬರ್ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಹೊರಗೆ ಬರುತ್ತದೆ. ಹೊಸದರ ಮೂರು ಕಿವಿಗಳು ಗಾಡಿಯ ಮೂರು ಕಚ್ಚಿಗೆ ಸರಿಯಾಗಿ ಕೂತಿವೆಯಾ ನೋಡಿಯೇ ಕ್ಲಿಪ್ ಹಾಕಿ. ಓರೆಯಾಗಿ ಕೂತರೆ ಬೆಳಕೂ ಓರೆ. ಹಗಲು ಹೊತ್ತಿನಲ್ಲಿ ಒಂದೆರಡು ಸಲ ಮಾಡಿ ಕೈಗೆ ಅಭ್ಯಾಸ ಮಾಡಿಕೊಂಡಿದ್ದರೆ ಮಳೆಯ ರಾತ್ರಿ ಮೊಬೈಲ್ ಟಾರ್ಚಿನಲ್ಲೂ ಮಾಡಬಹುದು.